ಸೋಮಲಿಂಗಪ್ಪ ಮೇಷ್ಟ್ರ ಎಡಗಾಲು

ರಾಜಾಜಿನಗರದ ಹೈಸ್ಕೂಲೊಂದರಲ್ಲಿ ಡ್ರಿಲ್ ಮೇಷ್ಟ್ರಾಗಿದ್ದ ಸೋಮಲಿಂಗಪ್ಪನವರ ಎಡಗಾಲು ಎಪ್ಪತ್ತಮೂರನೇ ಇಸವಿಯ ಶಿವರಾತ್ರಿ ಕಳೆದ ಮೇಲೆ ಅವರ ಮಾತು ಕೇಳದಾಯಿತು. ವಿಜಯನಗರದಲ್ಲಿ ಅವರ ಮನೆಯ ಹಿಂದಿನ ಬೀದಿಯ ಗುಡಿಯಲ್ಲಿ ಜಾಗರಣೆ ನಡೆದಿತ್ತು. ಇವರು ಗೋಡೆಗೂ ಒರಗದೆ ಚಕ್ಕಳಮಕ್ಕಳ ಹಾಕಿಕೊಂಡು ಭಜನೆಗೆ ಕೂತವರು ಏಳುವಾಗ ಕಾಲು ಜೋಮು ಹಿಡಿದಿತ್ತು. ಜೋಮು ಬಿಟ್ಟಿತು, ಪಾದ ಮಾತ್ರ ಮೇಲೇಳಲಿಲ್ಲ. ಹೆಜ್ಜೆ ಎತ್ತಿದರೆ ಬೆರಳುಗಳು ನೆಲದ ಕಡೆಗೇ ಜೋತುಬೀಳುತ್ತಿದ್ದವು. ಹೆಜ್ಜೆ ಇಟ್ಟರೆ ಪಾದ ಪಟ್ಟೆಂದು ಬಡಿಯುತ್ತಿತ್ತು. ಚಪ್ಪಲಿ ಕಳಚಿ ಹಿಂದೆ ಉಳಿಯುತ್ತಿತ್ತು. ಸೈಕಲ್ಲಿನ ಪೆಡಲಿನಿಂದ ಪಾದ ಜಾರುತ್ತಿದ್ದುದರಿಂದ ಅವರು ಸೈಕಲ್ ಬಿಟ್ಟು ಬಸ್ಸಿನಲ್ಲಿ ಓಡಾಡತೊಡಗಿದರು.

ಅವರಿಗೆ ಆಗ ನಲವತ್ತಾರು ವರ್ಷ. ಚಿತ್ರದುರ್ಗದ ಕಡೆಯವರು, ಹುಡುಗನಾಗಿದ್ದಾಗ ಗರಡಿಯಲ್ಲಿ ಸಾಮು ಮಾಡಿದವರು. ಮಾಘ ಮಾಸದಲ್ಲೂ ತಣ್ಣೀರಿನ ಸ್ನಾನವನ್ನು ತಪ್ಪಿಸಿದವರಲ್ಲ. ಮೈದಾನದಲ್ಲಿ ಬಿದ್ದು ಮಂಡಿ ತರಚಿಕೊಂಡು ಅಳುವ ಹುಡುಗರಿಗೆ, "ನೋವು ಅನ್ನೋದು ಮನಸ್ಸಲ್ಲಿರೋದು ಕಣ್ರೋ, ಕಾಲಲ್ಲಲ್ಲ" ಎಂದು ಹೇಳುತ್ತಿದ್ದರು.

ಒಂದು ತಿಂಗಳು ಅವರು ಎಣ್ಣೆ ತಿಕ್ಕಿ ನೋಡಿದರು. ಹುರುಳಿಯ ಕಾವು ಕೊಟ್ಟುಕೊಂಡರು. ಮಾರ್ಚ್ ಕೊನೆಯಲ್ಲಿ ಒಂದು ದಿನ ಪ್ರಾರ್ಥನೆ ಮುಗಿದು ತರಗತಿಗಳು ಸಾಲಾಗಿ ಒಳಗೆ ಹೋಗುತ್ತಿದ್ದಾಗ ಅವರು ಹಿಂತಿರುಗಿ ನೋಡಿದರು. ಎಂಟನೇ ಕ್ಲಾಸಿನ ನಾಲ್ಕೈದು ಹುಡುಗರು ಅವರ ಬೆನ್ನ ಹಿಂದೆಯೇ ಎಡಗಾಲನ್ನು ಎತ್ತಿ ಎತ್ತಿ ಬಡಿಯುತ್ತ ನಡೆಯುತ್ತಿದ್ದರು. ಹುಡುಗರು ಹೆದರಿ ನಿಂತುಬಿಟ್ಟರು. ಮೇಷ್ಟ್ರು ಯಾರನ್ನೂ ಹೊಡೆಯಲಿಲ್ಲ. ಆ ಸಂಜೆ ಶಾಲೆಯ ಹತ್ತಿರವಿದ್ದ ಡಾಕ್ಟರ್ ನಾರಾಯಣಪ್ಪನವರ ನರ್ಸಿಂಗ್ ಹೋಮಿಗೆ ಹೋದರು.

ನಾರಾಯಣಪ್ಪನವರದು ಸಣ್ಣ ನರ್ಸಿಂಗ್ ಹೋಂ. ಕೆಳಗೆ ರೋಗಿಗಳ ಕೋಣೆಗಳು, ಮೇಲೆ ಅವರ ಮನೆ. ಅವರು ಕಾಲನ್ನು ನೋಡಿ, ಮೊಣಕಾಲಿನ ಪಕ್ಕದಲ್ಲಿ ಹಾದುಹೋಗುವ ನರ ಬಹಳ ಹೊತ್ತು ಒತ್ತಿಹೋದರೆ ಪಾದ ಹೀಗೆ ಜೋತುಬೀಳುತ್ತದೆಂದು ವಿವರಿಸಿದರು. ಭತ್ತದ ಗದ್ದೆಯಲ್ಲಿ ಕುಕ್ಕರಗಾಲಲ್ಲಿ ಕೂತು ಕೆಲಸ ಮಾಡುವವರಲ್ಲಿ ಅವರು ಇದನ್ನು ಕಂಡಿದ್ದರು. "ನರ ಚಿಗುರೋಕೆ ಟೈಮ್ ಬೇಕು ಮೇಷ್ಟ್ರೇ. ಅಲ್ಲೀತನಕ ಮಾಂಸ ಬತ್ತಬಾರದು. ಕರೆಂಟ್ ಕೊಡಿಸೋಣ" ಎಂದರು.

ಕರೆಂಟ್ ಕೊಡುವವಳು ಜಗದಾಂಬಾ. ತುಮಕೂರಿನ ರೈಲ್ವೆ ಗಾರ್ಡೊಬ್ಬರ ಮಗಳು. ವೆಲ್ಲೂರಿನಲ್ಲಿ ಫಿಸಿಯೋಥೆರಪಿ ಕಲಿತು ಬಂದು, ಪ್ರಕಾಶನಗರದಲ್ಲಿ ಅಕ್ಕನ ಮನೆಯಲ್ಲಿದ್ದಳು. ನರ್ಸಿಂಗ್ ಹೋಮಿನ ಹಿಂಭಾಗದ ಉದ್ದನೆಯ ಕೋಣೆಯಲ್ಲಿ ಅವಳ ಕೆಲಸ. ಅಲ್ಲಿ ಹಿಡಿದುಕೊಂಡು ನಡೆಯಲು ಎರಡು ಕಬ್ಬಿಣದ ಕಂಬಿಗಳು, ಒಂದು ಎತ್ತರದ ಮಂಚ, ಮಂಚದ ಪಕ್ಕದಲ್ಲಿ ಮರದ ಪೆಟ್ಟಿಗೆಯಂಥ ಒಂದು ಮಿಷನ್ನು. ಮಿಷನ್ನಿನ ಮುಖದ ಮೇಲೆ ರೇಡಿಯೊದಲ್ಲಿರುವಂಥ ತಿರುಗುಗುಂಡಿಗಳು, ನಡುವೆ ಮುಳ್ಳಿರುವ ಮೀಟರು.

ಮೊದಲ ದಿನ ಮೇಷ್ಟ್ರು ಮಂಚ ಹತ್ತಿ ಕೂತು ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಎಳೆದುಕೊಂಡರು.

"ಶಾಕ್ ಹೊಡೆಯುತ್ತೇನಮ್ಮಾ?"

"ಇಲ್ಲ ಸಾರ್. ಜುಮ್ ಅನ್ನುತ್ತೆ, ಆಮೇಲೆ ಮಾಂಸ ತಾನಾಗಿ ಎಗರುತ್ತೆ. ಉರಿ ಮಾತ್ರ ಆಗಬಾರದು. ಉರಿದ್ರೆ ತಕ್ಷಣ ಹೇಳ್ಬೇಕು. ಚರ್ಮ ಸುಡ್ತಾ ಇದೆ ಅಂತ ಈ ಮಿಷನ್ನಿಗೆ ಗೊತ್ತಾಗಲ್ಲ. ಅದನ್ನ ಹೇಳೋರು ನೀವೇ."

"ನೀನು ಕೊಡಮ್ಮ. ನಾನು ಗರಡೀಲಿ ಬೆಳೆದೋನು."

ಅವಳು ಮೊದಲು ಕಾಲನ್ನು ಬೆಳಕಿಗೆ ಹಿಡಿದು ಎಲ್ಲಾದರೂ ಗಾಯ, ಗೀರು ಇದೆಯೇ ಎಂದು ನೋಡಿದಳು. ಆಮೇಲೆ ಎರಡು ಗಾಜಿನ ಕೊಳವೆ ತಂದಳು. ಒಂದರಲ್ಲಿ ಬಿಸಿನೀರು, ಒಂದರಲ್ಲಿ ತಣ್ಣೀರು. ಕಣ್ಣು ಮುಚ್ಚಲು ಹೇಳಿ, ಕಾಲಿನ ಮೇಲೆ ಒಂದೊಂದನ್ನೇ ಮುಟ್ಟಿಸುತ್ತ ಕೇಳಿದಳು. ಮೇಷ್ಟ್ರು "ಬಿಸಿ", "ತಣ್ಣಗೆ", "ಬಿಸಿ" ಎಂದು ಹಾಜರಿ ಕೂಗಿದಂತೆ ಹೇಳಿದರು. ಒಂದೂ ತಪ್ಪಲಿಲ್ಲ.

ಉಪ್ಪುನೀರಿನಲ್ಲಿ ನೆನೆಸಿದ ದಪ್ಪ ಬಟ್ಟೆಯ ಮಡಿಕೆಗಳ ಮೇಲೆ ಲೋಹದ ಬಿಲ್ಲೆಗಳನ್ನಿಟ್ಟು, ಒಂದನ್ನು ಮೊಣಕಾಲಿನ ಹತ್ತಿರ, ಇನ್ನೊಂದನ್ನು ಮುಂಗಾಲಿನ ಮಾಂಸದ ಮೇಲೆ ಪಟ್ಟಿಯಿಂದ ಕಟ್ಟಿದಳು. ಲೋಹ ನೇರವಾಗಿ ಚರ್ಮಕ್ಕೆ ತಾಗದಂತೆ ಅಂಚುಗಳನ್ನು ಬೆರಳಿಂದ ತಡವಿ ನೋಡಿದಳು. ಗುಂಡಿಗಳೆಲ್ಲ ಸೊನ್ನೆಯಲ್ಲಿವೆ ಎಂದು ಖಾತ್ರಿ ಮಾಡಿಕೊಂಡು ಮಿಷನ್ ಹಾಕಿದಳು. ಮೀಟರಿನ ಮುಳ್ಳು ನಿಧಾನವಾಗಿ ಮೇಲೆ ಹೋಯಿತು.

"ಜುಮ್ ಅಂತಾ ಇದ್ಯಾ ಸಾರ್?"

"ಹ್ಞಾಂ, ಹ್ಞಾಂ. ಇನ್ನೂ ಕೊಡು."

ಬೇರೆಯವರು "ಅಮ್ಮಾ" ಎನ್ನುವ ಹಂತದಲ್ಲಿ ಮೇಷ್ಟ್ರು ಕಿಟಕಿಯಾಚೆ ಹೋಗುತ್ತಿದ್ದ ಸೌದೆ ಗಾಡಿಯನ್ನು ನೋಡುತ್ತಿದ್ದರು. ಮುಂಗಾಲಿನ ಮಾಂಸ ಒಮ್ಮೆ ಸಣ್ಣಗೆ ಅದುರಿತು. ಜಗದಾಂಬಾ ಅಲ್ಲಿಗೇ ನಿಲ್ಲಿಸಿದಳು.

"ಯಾಕಮ್ಮಾ? ಇನ್ನೂ ತಡ್ಕೋತೀನಿ ನಾನು."

"ತಡ್ಕೊಳ್ಳೋ ಪಂದ್ಯ ಅಲ್ಲ ಸಾರ್ ಇದು. ಮಾಂಸ ಎಗರಿದ್ರೆ ಸಾಕು."

ಅವಳಿಗೆ ಸಮಾಧಾನವಾಗಲಿಲ್ಲ. ಡಾಕ್ಟರನ್ನು ಕೇಳಿದಳು. ಆ ನರಕ್ಕೆ ಪೆಟ್ಟಾದಾಗ ಪಾದದ ಮೇಲ್ಭಾಗದ ಚರ್ಮವೂ ಸ್ವಲ್ಪ ಮಂದವಾಗಿರುತ್ತದೆ, ಕಡಿಮೆ ಕೊಡು, ನೋಡಿಕೊಂಡು ಕೊಡು ಎಂದು ಅವರು ಹೇಳಿದರು. ಅವಳು ಹಾಗೆಯೇ ಮಾಡಿದಳು. ಮೇಷ್ಟ್ರು ವಾರಕ್ಕೆ ಮೂರು ಸಲ, ಸಂಜೆ ಹೊತ್ತು ಬರುತ್ತಿದ್ದರು. ಪ್ರತಿ ಸಲವೂ ಬಿಸಿ-ತಣ್ಣಗಿನ ಪರೀಕ್ಷೆ ಆಗುತ್ತಿತ್ತು, ಪ್ರತಿ ಸಲವೂ ಅವರು ಪಾಸಾಗುತ್ತಿದ್ದರು, ಪ್ರತಿ ಸಲವೂ ಕರೆಂಟ್ ಸಾಲದೆಂದು ಗೊಣಗುತ್ತಿದ್ದರು. ಪಾದ ಮೇಲೇಳುವ ಲಕ್ಷಣವಿರಲಿಲ್ಲ. ಬೇಸಿಗೆ ರಜೆ ಮುಗಿಯುತ್ತ ಬಂದಿತ್ತು. ಜೂನ್‌ನಲ್ಲಿ ಶಾಲೆ ತೆರೆದ ದಿನವೇ ಮೈದಾನದಲ್ಲಿ ನೆಟ್ಟಗೆ ನಡೆಯಬೇಕೆಂಬುದು ಅವರ ಮನಸ್ಸಿನಲ್ಲಿತ್ತು.

ಮೇ ತಿಂಗಳ ಕೊನೆಯ ವಾರ ಅದು ಆದದ್ದು. ಮೇಷ್ಟ್ರ ಕಾಲಿಗೆ ಪ್ಯಾಡು ಕಟ್ಟಿ, ಮುಳ್ಳನ್ನು ಎಂದಿನ ಜಾಗಕ್ಕೆ ತಂದು ಜಗದಾಂಬಾ ನಿಂತಿದ್ದಳು. ಕೋಣೆಯ ಆ ಕೊನೆಯಲ್ಲಿ, ಸೊಂಟ ಮುರಿದು ಚೇತರಿಸಿಕೊಳ್ಳುತ್ತಿದ್ದ ನಾಯಂಡಹಳ್ಳಿಯ ಅಕ್ಕಯ್ಯಮ್ಮ ಎಂಬ ಮುದುಕಿ ಕಂಬಿ ಹಿಡಿದು ನಡೆಯುತ್ತಿದ್ದಳು. ಅವಳು ಇದ್ದಕ್ಕಿದ್ದಂತೆ "ಅಯ್ಯಪ್ಪಾ" ಎಂದು ಕೂಗಿ ಕುಸಿದಳು. ರೋಗಿಯನ್ನು ಬಿಟ್ಟು ಹೋಗುವ ಮುನ್ನ ಗುಂಡಿಯನ್ನು ಸೊನ್ನೆಗೆ ತರಬೇಕೆಂಬುದು ಜಗದಾಂಬಾಗೆ ಗೊತ್ತಿದ್ದ ನಿಯಮ. ಅವಳು ಅದನ್ನು ಮರೆತು ಓಡಿದಳು. ಹೋಗುತ್ತ, "ಏನೂ ಮುಟ್ಬೇಡಿ ಸಾರ್, ಬಂದೆ" ಎಂದಳು.

ಮುದುಕಿಗೆ ಹೆಚ್ಚೇನೂ ಆಗಿರಲಿಲ್ಲ. ತಲೆ ಸುತ್ತಿತ್ತು. ಅವಳನ್ನು ಎತ್ತಿ ಕೂರಿಸಿ, ನೀರು ಕುಡಿಸಿ, ಮಗನನ್ನು ಕರೆಸಿ ಜಗದಾಂಬಾ ವಾಪಸು ಬಂದಾಗ ಮೇಷ್ಟ್ರು ನಗುತ್ತ ಕೂತಿದ್ದರು. ಮೀಟರಿನ ಮುಳ್ಳು ಅವಳು ಬಿಟ್ಟುಹೋದ ಜಾಗದಲ್ಲಿರಲಿಲ್ಲ. ಬಲಗಡೆಯ ಅಂಚಿಗೆ ಹೋಗಿ ನಿಂತಿತ್ತು.

ಅವಳು ಗುಂಡಿಯನ್ನು ಸೊನ್ನೆಗೆ ಇಳಿಸಿ ಮಿಷನ್ ಆರಿಸಿದಳು.

"ಯಾವಾಗ ತಿರುಗಿಸಿದ್ರಿ?"

"ನೀನು ಆ ಕಡೆ ಹೋದ್ಯಲ್ಲ, ಆಗ್ಲೇ. ನೋಡು, ಏನಾಯ್ತು? ಏನೂ ಆಗ್ಲಿಲ್ಲ. ಸುಮ್ಸುಮ್ನೆ ಹೆದರಿಸ್ತಾ ಇದ್ದೆ ನೀನು."

ಅವಳು ಪಟ್ಟಿ ಬಿಚ್ಚಿ ಮುಂಗಾಲಿನ ಪ್ಯಾಡನ್ನು ಎತ್ತಿದಳು. ಅದರ ಕೆಳಗೆ ನಾಲ್ಕಾಣೆಯಷ್ಟು ಅಗಲ ಚರ್ಮ ಬೂದಿಯ ಬಣ್ಣಕ್ಕೆ ತಿರುಗಿ ಕುಳಿಬಿದ್ದಿತ್ತು. ಸುತ್ತ ಕೆಂಪು ಅಂಚು.

"ಉರೀತಾ ಇಲ್ವಾ ಸಾರ್?"

ಮೇಷ್ಟ್ರು ಬಗ್ಗಿ ನೋಡಿದರು. "ಇಲ್ವಲ್ಲ" ಎಂದರು. ಮತ್ತೊಮ್ಮೆ ನೋಡಿದರು. ಅವರ ಮುಖದ ಮೇಲಿನ ನಗು ಒಮ್ಮೆಲೇ ಹೋಗಲಿಲ್ಲ, ಏನು ಮಾಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಅಲ್ಲೇ ಇತ್ತು.

ನಾರಾಯಣಪ್ಪನವರು ಬಂದು ಗಾಯಕ್ಕೆ ಮುಲಾಮು ಹಚ್ಚಿ ಕಟ್ಟಿದರು. ಜಗದಾಂಬಾ ಗುಂಡಿ ಇಳಿಸದೆ ಹೋದದ್ದನ್ನೂ ಸೇರಿಸಿ ನಡೆದದ್ದನ್ನೆಲ್ಲ ಹೇಳಿದಳು. ಡಾಕ್ಟರು ಅವಳನ್ನು ಬೈಯಲಿಲ್ಲ, ಪರವಾಗಿಲ್ಲ ಎಂದೂ ಹೇಳಲಿಲ್ಲ. "ಇಷ್ಟು ಸುಟ್ಟಿದ್ದು ಗೊತ್ತಾಗಿಲ್ಲ ಅಂದ್ರೆ ಸರಿಯಾಗಿ ನೋಡೋಣ" ಎಂದು ತಾವೇ ಒಂದು ಟವಲನ್ನು ಮಡಿಸಿ ಮೇಷ್ಟ್ರ ಕಣ್ಣಿಗೆ ಕಟ್ಟಿದರು.

ಜಗದಾಂಬಾ ಈ ಸಲ ಕೊಳವೆ ತರಲಿಲ್ಲ. ಹತ್ತಿಯ ಎಳೆ ಮತ್ತು ಒಂದು ಗುಂಡುಸೂಜಿ ತಂದಳು.

"ಮುಟ್ಟಿದಾಗ ಹ್ಞಾಂ ಅನ್ನಿ ಸಾರ್."

ತೊಡೆಯ ಮೇಲೆ ಮುಟ್ಟಿದಳು. "ಹ್ಞಾಂ." ಮೊಣಕಾಲಿನ ಕೆಳಗೆ ಮುಟ್ಟಿದಳು. ಮೇಷ್ಟ್ರು ಸುಮ್ಮನಿದ್ದರು. ಮುಂಗಾಲು, ಪಾದದ ಮೇಲ್ಭಾಗ, ಅಂಗಾಲು. ಸುಮ್ಮನಿದ್ದರು. ಸೂಜಿಯ ಮೊನೆ ಒತ್ತಿದಳು. ಸುಮ್ಮನಿದ್ದರು. ಅವಳು ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಏನನ್ನೂ ಮುಟ್ಟದೆ, "ಈಗ?" ಎಂದಳು.

"ಹ್ಞಾಂ. ಈಗ ಮುಟ್ಟಿದೆ. ಬೆರಳಿನ ಹತ್ರ."

ಜಗದಾಂಬಾ ಸೂಜಿಯನ್ನು ಮಿಷನ್ನಿನ ಮೇಲೆ ಇಟ್ಟ ಸದ್ದಾಯಿತು. ಆ ಸದ್ದಿನಿಂದಲೇ ಮೇಷ್ಟ್ರಿಗೆ ಗೊತ್ತಾಯಿತು. ಅವರು ಟವಲನ್ನು ತಾವೇ ಎಳೆದು ತೆಗೆದರು.

"ಬಿಸಿನೀರಿನ ಕೊಳವೆ ಮೇಲೆ ಹಬೆ ಕಟ್ಟಿರುತ್ತೆ" ಎಂದರು, ಗೋಡೆಯನ್ನು ನೋಡುತ್ತ. "ಕಣ್ಣು ಒಂದು ಚೂರು ತೆಗೆದ್ರೆ ಕಾಣುತ್ತೆ."

"ಎಷ್ಟು ದಿನದಿಂದ ಗೊತ್ತಾಗ್ತಾ ಇಲ್ಲ ಮೇಷ್ಟ್ರೇ?" ಎಂದು ಡಾಕ್ಟರು ಕೇಳಿದರು.

"ಎರಡು ವರ್ಷ ಆಗಿರಬಹುದು. ಮೊದಮೊದಲು ಬಿಸಿಲಲ್ಲಿ ಬರಿಗಾಲಲ್ಲಿ ನಿಂತ್ರೂ ಸುಡ್ತಾ ಇರ್ಲಿಲ್ಲ. ಸಾಧನೆಯಿಂದ ಬಂದ ಶಕ್ತಿ ಅಂದ್ಕೊಂಡೆ. ಆಮೇಲೆ ಹಾಗಲ್ಲ ಅಂತ ಅನ್ನಿಸ್ತು. ಆದ್ರೆ ಹೇಳೋದು ಯಾರಿಗೆ? ಕಾಲಿನ ಮೇಲೆ ಹತೋಟಿ ಇಲ್ದಿರೋ ಡ್ರಿಲ್ ಮೇಷ್ಟ್ರನ್ನ ಯಾವ ಸ್ಕೂಲು ಇಟ್ಕೊಳ್ಳುತ್ತೆ ಡಾಕ್ಟ್ರೇ?"

ಜಗದಾಂಬಾ ಅವರ ಮೊಣಕಾಲಿನ ಹೊರಮಗ್ಗುಲನ್ನು ಬೆರಳಿನಿಂದ ತಡವಿದಳು. ಚರ್ಮದ ಕೆಳಗೆ ನರ ಹಗ್ಗದ ಹುರಿಯಂತೆ ದಪ್ಪಗೆ ಉರುಳಿತು. ಬಲಗಾಲಿನಲ್ಲಿ ಅದೇ ಜಾಗದಲ್ಲಿ ಅದು ಸಿಕ್ಕಿಯೂ ಸಿಗದಷ್ಟು ತೆಳ್ಳಗಿತ್ತು. ವೆಲ್ಲೂರಿನಲ್ಲಿ ಇಂಥ ನರವನ್ನು ಅವಳು ಮುಟ್ಟಿ ಬಲ್ಲವಳು. ಅವಳು ಡಾಕ್ಟರ ಕಡೆ ನೋಡಿದಳು. ಅವರೂ ತಡವಿ ನೋಡಿ, "ಶರಟು ತೆಗೀರಿ" ಎಂದರು. ಬೆನ್ನಿನ ಮೇಲೆ, ಎಡಭುಜದ ರೆಕ್ಕೆಮೂಳೆಯ ಕೆಳಗೆ ಅಂಗೈಯಗಲದ ಮಚ್ಚೆಯೊಂದಿತ್ತು. ಸುತ್ತಲಿನ ಚರ್ಮಕ್ಕಿಂತ ಬಿಳಿಚಿಕೊಂಡು, ಒಣಗಿ, ಕೂದಲಿಲ್ಲದೆ ಇತ್ತು. ಹತ್ತಿಯ ಎಳೆ ಅದರ ಮೇಲೆ ಓಡಾಡಿದ್ದು ಮೇಷ್ಟ್ರಿಗೆ ತಿಳಿಯಲೇ ಇಲ್ಲ.

ನಾರಾಯಣಪ್ಪನವರು ಅವರನ್ನು ತಮ್ಮ ಕೋಣೆಗೆ ಕರೆದುಕೊಂಡು ಹೋಗಿ ಕೂರಿಸಿದರು. ಜಗದಾಂಬಾಳನ್ನೂ ಇರಲು ಹೇಳಿದರು. "ಮೇಷ್ಟ್ರೇ, ಇದು ಜಾಗರಣೆಯಿಂದ ಬಂದದ್ದಲ್ಲ. ನರ ಮೊದಲೇ ಬಾತುಕೊಂಡಿತ್ತು, ಅವತ್ತು ಕೂತದ್ದು ಕೊನೇ ಪೆಟ್ಟು. ನಾನು ಮೊದಲ ದಿನವೇ ಶರಟು ತೆಗೆಸಿ ನೋಡಬೇಕಿತ್ತು." ಆಮೇಲೆ ಕಾಯಿಲೆಯ ಹೆಸರನ್ನು ಹೇಳಿದರು. ಕುಷ್ಠ ಎಂದರು. ಚರ್ಮದ ಡಾಕ್ಟರು ಪರೀಕ್ಷೆ ಮಾಡಿ ಖಚಿತಪಡಿಸಬೇಕು, ಮಾತ್ರೆಗಳಿವೆ, ವಾಸಿಯಾಗುತ್ತದೆ ಎಂದರು.

ಮೇಷ್ಟ್ರು ಕೇಳಿಸಿಕೊಂಡರು. ಆಮೇಲೆ ತಾವು ಕೂತಿದ್ದ ಕುರ್ಚಿಯಿಂದ ಎದ್ದು ನಿಂತರು.

"ಯಾಕೆ ಎದ್ರಿ?"

"ಇದರಲ್ಲಿ ಬೇರೆಯವರು ಕೂರ್ತಾರಲ್ಲ."

"ಕೂತ್ಕೊಳ್ಳಿ ಮೇಷ್ಟ್ರೇ" ಎಂದರು ಡಾಕ್ಟರು. ಮೇಷ್ಟ್ರು ಕೂರಲಿಲ್ಲ.

ಸರ್ಕಾರಿ ಆಸ್ಪತ್ರೆಯ ಚರ್ಮದ ಡಾಕ್ಟರು ಕಿವಿಯಿಂದ, ಮಚ್ಚೆಯಿಂದ ಸ್ವಲ್ಪ ರಸ ತೆಗೆದು ಪರೀಕ್ಷಿಸಿದರು. ರೋಗಾಣು ಕಾಣಲಿಲ್ಲ. ಇದು ಒಬ್ಬರಿಂದ ಒಬ್ಬರಿಗೆ ಸುಲಭವಾಗಿ ಹರಡುವ ಬಗೆಯದಲ್ಲ, ಆದರೆ ನರಗಳನ್ನು ತಿನ್ನುವ ಬಗೆಯದು ಎಂದರು. ಒಂದು ಮಾತ್ರೆಯನ್ನು ವರ್ಷಗಟ್ಟಲೆ ತಪ್ಪದೆ ನುಂಗಬೇಕು. ನರದ ಬಾವು ಇಳಿಯಲು ಇನ್ನೊಂದನ್ನು ಕೆಲವು ತಿಂಗಳು ನುಂಗಬೇಕು. ಸದ್ಯಕ್ಕೆ ಕರೆಂಟ್ ಬೇಡ.

ಮನೆಯಲ್ಲಿ ಮೇಷ್ಟ್ರು ಏನೂ ಹೇಳಲಿಲ್ಲ. ಒಂದು ತಟ್ಟೆ, ಒಂದು ಲೋಟ ಬೇರೆ ಇಟ್ಟುಕೊಂಡು ತಾವೇ ತೊಳೆಯತೊಡಗಿದರು. ಚಾಪೆಯನ್ನು ಪಡಸಾಲೆಗೆ ತಂದರು. ಇಬ್ಬರು ಹೆಣ್ಣುಮಕ್ಕಳು, ಒಬ್ಬಳು ಕಾಲೇಜಿನಲ್ಲಿ, ಒಬ್ಬಳು ಹೈಸ್ಕೂಲಿನಲ್ಲಿ. ಅವರು ಹತ್ತಿರ ಬಂದರೆ ಮೇಷ್ಟ್ರು ಎದ್ದು ಹೊರಗೆ ಹೋಗುತ್ತಿದ್ದರು. ಅವರ ಹೆಂಡತಿ ಬಸವರಾಜೇಶ್ವರಿ ಕೆಲವು ದಿನ ನೋಡಿದರು. ಕೊನೆಗೆ ಅವರೇ ಬಸ್ಸು ಹತ್ತಿ ನರ್ಸಿಂಗ್ ಹೋಮಿಗೆ ಬಂದು, ಕರೆಂಟ್ ಕೊಡುವ ಹುಡುಗಿ ಎಲ್ಲಿ ಎಂದು ವಿಚಾರಿಸಿದರು.

"ನೀನೇ ಏನಮ್ಮಾ ಜಗದಾಂಬಾ? ನಾನು ಸೋಮಲಿಂಗಪ್ಪ ಮೇಷ್ಟ್ರ ಮನೆಯೋಳು. ಇಲ್ಲಿಗೆ ಬಂದು ಕಾಲು ಸುಟ್ಕೊಂಡು ಬಂದ್ಮೇಲೆ ಅವರು ಅವರಾಗಿಲ್ಲ. ತಟ್ಟೆ ಬೇರೆ, ಹಾಸಿಗೆ ಬೇರೆ. ನನ್ನ ಮೇಲೆ ಸಿಟ್ಟೋ, ಇನ್ನೇನೋ. ಇಲ್ಲಿ ಏನಾಯ್ತು ಹೇಳು."

"ಕಾಲು ಸುಟ್ಟಿದ್ದಕ್ಕೆ ನಾನೂ ಕಾರಣ ಅಮ್ಮಾ. ಮಿಷನ್ ಇಳಿಸದೆ ಹೋದೆ. ಮಿಕ್ಕಿದ್ದನ್ನ ಅವರೇ ಹೇಳ್ಬೇಕು."

"ಹೇಳೋದಿದ್ರೆ ನಾನು ವಿಜಯನಗರದಿಂದ ಇಲ್ಲೀಗಂಟ ಬರ್ತಿದ್ನಾ?"

ಮರುದಿನ ಗಾಯಕ್ಕೆ ಕಟ್ಟು ಬದಲಿಸಿಕೊಳ್ಳಲು ಮೇಷ್ಟ್ರು ಬರಬೇಕಿತ್ತು. ಆ ಹೊತ್ತಿಗೆ ಬನ್ನಿ ಎಂದು ಜಗದಾಂಬಾ ಹೇಳಿದಳು. ಬಸವರಾಜೇಶ್ವರಿ ಬಂದು, ಹೊರಗಿನ ಬೆಂಚಿನ ಮೇಲೆ ಕಾದು ಕೂತು, ಗಂಡ ಒಳಗೆ ಹೋದ ಮೇಲೆ ತಾವೂ ಒಳಗೆ ಹೋದರು. ಹೆಂಡತಿಯನ್ನು ನೋಡಿ ಮೇಷ್ಟ್ರು ಪಂಚೆಯನ್ನು ಕಾಲಿನ ಮೇಲೆ ಎಳೆದುಕೊಂಡರು.

"ಈಗ ಹೇಳಿ" ಎಂದರು ಬಸವರಾಜೇಶ್ವರಿ.

"ದೊಡ್ಡ ರೋಗ ಕಣೇ" ಎಂದರು ಮೇಷ್ಟ್ರು.

ಬಸವರಾಜೇಶ್ವರಿ ಮಂಚದ ಅಂಚನ್ನು ಹಿಡಿದುಕೊಂಡರು. "ಬೆನ್ನ ಮೇಲಿರೋದಾ?" ಎಂದರು.

ಮೇಷ್ಟ್ರು ತಲೆಯೆತ್ತಿದರು. "ನಿನಗೆ ಗೊತ್ತಿತ್ತಾ?"

"ನಿಮ್ಮ ಬೆನ್ನು ನಿಮಗೆ ಕಾಣಲ್ಲ. ಉಜ್ಜೋಳು ನಾನು. ಸಿಬ್ಬು ಅಂದ್ಕೊಂಡು ತುಳಸಿ ರಸ ಹಚ್ಚಿದ್ದೂ ನಾನೇ. ಎಷ್ಟು ವರ್ಷ ಆಯ್ತು ಅದು ಬಂದು? ಇಷ್ಟು ವರ್ಷ ನಮಗೆ ಹತ್ತದೆ ಇದ್ದದ್ದು ಈಗ ತಟ್ಟೆ ಒಂದೇ ಇದ್ರೆ ಹತ್ತಿಬಿಡುತ್ತಾ?"

"ಹುಡುಗಿಯರು ಇದಾರೆ ಕಣೇ. ನಾಳೆ ಮದುವೆ ಅಂತ ಹೊರಟರೆ..."

"ಅದು ನಾಳೆ." ಅವರು ಜಗದಾಂಬಾ ಕಡೆ ತಿರುಗಿದರು. "ಮಕ್ಕಳನ್ನ ತೋರಿಸಬೇಕೇನಮ್ಮಾ?"

"ತೋರಿಸಿಬಿಡಿ ಅಮ್ಮಾ, ನೀವೂ ತೋರಿಸ್ಕೊಳ್ಳಿ. ಮನಸ್ಸಿಗೆ ನೆಮ್ಮದಿ."

ಮೂವರನ್ನೂ ನೋಡಿದ ಚರ್ಮದ ಡಾಕ್ಟರು ಯಾರಿಗೂ ಏನೂ ಇಲ್ಲ ಎಂದರು. ಆ ದಿನ ಬಸವರಾಜೇಶ್ವರಿ ಬೇರೆ ತಟ್ಟೆಯನ್ನು ಎಲ್ಲದರ ಜೊತೆ ಸೇರಿಸಿ ತೊಳೆದಿಟ್ಟರು. ಚಾಪೆ ಮಾತ್ರ ಇನ್ನೂ ಒಂದಷ್ಟು ಕಾಲ ಪಡಸಾಲೆಯಲ್ಲೇ ಇತ್ತು.

ಶಾಲೆಯಲ್ಲಿ ಹೇಳುವುದೋ ಬೇಡವೋ ಎಂದು ಮೇಷ್ಟ್ರು ಬಹಳ ಯೋಚಿಸಿದರು. ನರದ ಬೇನೆ ಎಂದಷ್ಟೇ ಬರೆದುಕೊಡುತ್ತೇನೆ, ಅದು ಸುಳ್ಳೇನಲ್ಲ ಎಂದು ನಾರಾಯಣಪ್ಪನವರು ಹೇಳಿದ್ದರು. ಆದರೆ ಕೊಳವೆಯ ವಿಷಯದಲ್ಲಿ ಸುಳ್ಳು ಹೇಳಿ ಆದದ್ದನ್ನು ಅವರು ನೋಡಿದ್ದರು. ಹೆಡ್‌ಮಾಸ್ಟರ್ ರೇವಣಸಿದ್ದಯ್ಯನವರ ಕೋಣೆಗೆ ಹೋಗಿ ಬಾಗಿಲು ಮುಚ್ಚಿ ಇದ್ದದ್ದನ್ನು ಇದ್ದಹಾಗೆ ಹೇಳಿದರು. ರೇವಣಸಿದ್ದಯ್ಯನವರು ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿದರು. ಆಮೇಲೆ ತಮಗೇ ನಾಚಿಕೆಯಾಯಿತೋ ಏನೋ, ಇಬ್ಬರಿಗೂ ಕಾಫಿ ತರಿಸಿದರು.

"ಡಾಕ್ಟ್ರು ಏನಂತಾರೆ? ಹುಡುಗರ ಮಧ್ಯೆ ಇರಬಹುದಂತಾ?"

"ಇರಬಹುದು ಅಂತ ಚರ್ಮದ ಡಾಕ್ಟ್ರು ಬರ್ಕೊಟ್ಟಿದಾರೆ ಸಾರ್."

"ಆ ಕಾಗದ ನನ್ನ ಹತ್ರ ಇರ್ಲಿ. ರಜೆ ತಗೊಳ್ಳಿ, ಕಾಲು ನೋಡ್ಕೊಳ್ಳಿ. ಸ್ಟಾಫ್ ರೂಮಲ್ಲಿ ಮಾತ್ರ ಹೇಳೋಕೆ ಹೋಗ್ಬೇಡಿ ಮಾರಾಯ್ರೆ. ಅಲ್ಲಿಗೆ ಹೋದ್ರೆ ಮಾಗಡಿ ರೋಡಿನ ತುಂಬಾ ಆಗುತ್ತೆ."

ನರ್ಸಿಂಗ್ ಹೋಮಿನಲ್ಲಿ ಸುದ್ದಿ ಹೇಗೋ ಹೊರಬಿತ್ತು. ಆಯಾ ಹೇಳಿದಳೋ, ಬಾಗಿಲ ಹತ್ತಿರ ಯಾರಾದರೂ ಕೇಳಿಸಿಕೊಂಡರೋ ತಿಳಿಯದು. ಭುಜದ ನೋವಿಗೆ ಬರುತ್ತಿದ್ದ ಕಾಂಟ್ರಾಕ್ಟರ್ ಒಬ್ಬರು ಆ ಮಂಚದ ಮೇಲೆ ಮಲಗುವುದಿಲ್ಲ ಎಂದು ಹೊರಟುಹೋದರು. ಇನ್ನೂ ಕೆಲವರು ಏನೂ ಹೇಳದೆ ನಿಂತುಹೋದರು. ನಾರಾಯಣಪ್ಪನವರು ಮೇಷ್ಟ್ರಿಗೆ ಬರಬೇಡಿ ಎನ್ನಲಿಲ್ಲ. ಬೇರೆಯವರು ಬರುವುದಕ್ಕೆ ಮುಂಚೆ, ಬೆಳಿಗ್ಗೆ ಬೇಗ ಬನ್ನಿ ಎಂದರು. ಅದನ್ನು ಹೇಳುವಾಗ ಅವರ ದನಿ ಸಣ್ಣದಾಯಿತು. ಮೇಷ್ಟ್ರು, "ಬರ್ತೀನಿ ಬಿಡಿ, ನಂಗೂ ಬೆಳಿಗ್ಗೆ ಏಳೋ ಅಭ್ಯಾಸ" ಎಂದರು.

ಆ ಬೆಳಗಿನ ಹೊತ್ತುಗಳಲ್ಲಿ ಕರೆಂಟ್ ಇರುತ್ತಿರಲಿಲ್ಲ. ಜಗದಾಂಬಾ ಅವರ ಪಾದವನ್ನು ಕೈಯಲ್ಲಿ ಹಿಡಿದು ಮೇಲಕ್ಕೆತ್ತಿ ಇಳಿಸಿ, ಹಿಮ್ಮಡಿಯ ನರ ಬಿಗಿಯದಂತೆ ನೋಡಿಕೊಳ್ಳುತ್ತಿದ್ದಳು. ಅವಳು ಕೈಗೆ ಏನೂ ಹಾಕಿಕೊಳ್ಳದೆ ಬರಿಗೈಯಲ್ಲಿ ಮುಟ್ಟುತ್ತಿದ್ದುದನ್ನು ಮೇಷ್ಟ್ರು ಮೊದಮೊದಲು ಗಮನವಿಟ್ಟು ನೋಡುತ್ತಿದ್ದರು, ಆಮೇಲೆ ನೋಡುವುದನ್ನು ಬಿಟ್ಟರು. ಸ್ಪರ್ಶವಿಲ್ಲದ ಪಾದವನ್ನು ಹೇಗೆ ಸಾಕಬೇಕೆಂದು ಅವಳು ಹೇಳಿಕೊಟ್ಟಳು. ಬರಿಗಾಲಲ್ಲಿ ಓಡಾಡಬಾರದು. ಚಪ್ಪಲಿ ಮೆಟ್ಟುವ ಮುನ್ನ ಒಳಗೆ ಕೈಯಾಡಿಸಿ ನೋಡಬೇಕು. ಸ್ನಾನದ ನೀರಿಗೆ ಮೊದಲು ಮೊಣಕೈ ಅದ್ದಬೇಕು. ದಿನವೂ ಸಂಜೆ ಪಾದ ನೆನೆಸಿ, ಎಣ್ಣೆ ಸವರಿ, ಅಂಗಾಲನ್ನು ಬೆಳಕಿನಲ್ಲಿ ನೋಡಬೇಕು.

"ಕಾಲು ಹೇಳಲ್ಲ ಸಾರ್. ಕಣ್ಣು ನೋಡಿ ಹೇಳ್ಬೇಕು."

ಮೋಚಿಯೊಬ್ಬನಿಂದ ಅವರು ಒಂದು ಬೂಟು ಹೊಲಿಸಿದರು. ಬೂಟಿನ ಮೂತಿಯಿಂದ ಮೊಣಕಾಲಿನ ಕೆಳಗಿನ ಚರ್ಮದ ಪಟ್ಟಿಗೆ ಒಂದು ಸ್ಪ್ರಿಂಗು. ಪಾದ ಜೋತುಬೀಳದಂತೆ ಅದು ಎಳೆದು ಹಿಡಿಯುತ್ತಿತ್ತು. ಪ್ಯಾಂಟಿನ ಒಳಗೆ ಕಾಣುತ್ತಿರಲಿಲ್ಲ. ನಡೆಯುವಾಗ ಸಣ್ಣಗೆ ಕಿರ್ರೆನ್ನುತ್ತಿತ್ತು.

ಸುಟ್ಟ ಗಾಯ ಮಾಯಲು ದಸರಾ ಕಳೆಯಬೇಕಾಯಿತು. ಚಳಿಗಾಲದ ಒಂದು ಬೆಳಿಗ್ಗೆ, ಟವಲು ಕಟ್ಟಿ ಹತ್ತಿಯ ಎಳೆ, ಗುಂಡುಸೂಜಿಗಳಿಂದ ಪರೀಕ್ಷಿಸುವಾಗ, ಮೊಣಕಾಲಿನ ಕೆಳಗೆ ಒಂದು ಕಡೆ ಮೇಷ್ಟ್ರು "ಹ್ಞಾಂ" ಎಂದರು. ಜಗದಾಂಬಾ ಮುಟ್ಟದೆ ಕೇಳಿದಳು. ಸುಮ್ಮನಿದ್ದರು. ಮುಟ್ಟಿದಳು. "ಹ್ಞಾಂ." ಮುಂಗಾಲಿನ ಮೇಲ್ಭಾಗದಲ್ಲಿ, ನಾಲ್ಕು ಬೆರಳಗಲದಷ್ಟು ಜಾಗದಲ್ಲಿ ಸ್ಪರ್ಶ ಮರಳಿತ್ತು. ಅವಳಿಗೆ ಎಷ್ಟು ಸಂತೋಷವಾಯಿತೆಂದರೆ ಕೈಯಲ್ಲಿದ್ದ ಗುಂಡುಸೂಜಿ ಎಲ್ಲಿ ಬಿತ್ತೆಂದು ಆಮೇಲೆ ಮಂಚದ ಕೆಳಗೆಲ್ಲ ಹುಡುಕಬೇಕಾಯಿತು. ಸ್ಪರ್ಶವಿಲ್ಲದ ಕಾಲಿನ ರೋಗಿ ಇರುವ ಕೋಣೆಯಲ್ಲಿ ಸೂಜಿಯನ್ನು ಬಿಡುವಂತಿರಲಿಲ್ಲ.

ಡಾಕ್ಟರುಗಳಿಬ್ಬರನ್ನೂ ಕೇಳಿ ಆ ಜಾಗದಲ್ಲಿ ಮಾತ್ರ ಮತ್ತೆ ಕರೆಂಟ್ ಶುರುಮಾಡಿದರು. ಪ್ಯಾಡು ಇನ್ನೂ ದಪ್ಪ, ಕರೆಂಟು ಇನ್ನೂ ಕಡಿಮೆ, ಕೊಡುವ ಹೊತ್ತೂ ಮೊದಲಿಗಿಂತ ಕಡಿಮೆ. ನಡುನಡುವೆ ಪ್ಯಾಡು ಎತ್ತಿ ಚರ್ಮ ನೋಡುತ್ತಿದ್ದಳು. ಗುಂಡಿಯಿಂದ ಕೈ ತೆಗೆಯುತ್ತಿರಲಿಲ್ಲ. ಬೇರೆ ಯಾರಾದರೂ ಕರೆದರೆ ಮೊದಲು ಮುಳ್ಳು ಸೊನ್ನೆಗೆ ಇಳಿಯುತ್ತಿತ್ತು. ಮೇಷ್ಟ್ರು ಈಗ "ಇನ್ನೂ ಕೊಡು" ಎನ್ನುತ್ತಿರಲಿಲ್ಲ. ಮಾಂಸ ಎಗರುವುದನ್ನು ಬಗ್ಗಿ ನೋಡುತ್ತ, "ಇಷ್ಟೇ ಇರ್ಲಿ" ಎನ್ನುತ್ತಿದ್ದರು.

ಪಾದ ಪೂರ್ತಿ ಮೇಲೇಳಲಿಲ್ಲ. ಸ್ಪ್ರಿಂಗಿಲ್ಲದೆ ಮನೆಯೊಳಗೆ ಗೋಡೆ ಹಿಡಿಯದೆ ಓಡಾಡುವಷ್ಟು ಎದ್ದಿತು. ಅಂಗಾಲಿಗೆ ಸ್ಪರ್ಶ ಬರಲೇ ಇಲ್ಲ. ಬರುವುದಿಲ್ಲ ಎಂದು ಚರ್ಮದ ಡಾಕ್ಟರು ಮೊದಲೇ ಹೇಳಿದ್ದರು.

ಮುಂದಿನ ಜೂನ್‌ನಲ್ಲಿ ಮೇಷ್ಟ್ರು ಶಾಲೆಗೆ ಹೋದರು. ಕವಾಯತು ಮಾಡಿಸುವುದನ್ನು ಹೊಸದಾಗಿ ಬಂದ ಲೆಕ್ಕದ ಮೇಷ್ಟ್ರಿಗೆ ವಹಿಸಿ, ಇವರಿಗೆ ಆಟದ ಸಾಮಾನಿನ ಕೋಣೆ, ಕಬಡ್ಡಿ, ವಾಲಿಬಾಲ್ ಪಂದ್ಯಗಳ ತೀರ್ಪು ಇವನ್ನು ರೇವಣಸಿದ್ದಯ್ಯನವರು ಕೊಟ್ಟರು. ಮೊದಲು ಅವರಿಗೆ ಅದು ಅವಮಾನವೆನ್ನಿಸಿತು. ಆಮೇಲೆ ವಾಲಿಬಾಲ್ ತಂಡ ಬಸವೇಶ್ವರನಗರದ ಶಾಲೆಯ ಮೇಲೆ ಗೆದ್ದಿತು. ಆ ದಿನ ಮನೆಗೆ ಬರುವಾಗ ಮೈಸೂರುಪಾಕು ತಂದಿದ್ದರು.

ಆ ಹೊತ್ತಿಗೆ ಚಾಪೆ ಒಳಗೆ ಬಂದಿತ್ತು. ಸಂಜೆ ಕಾಲು ನೋಡುವ ಕೆಲಸವನ್ನು ಬಸವರಾಜೇಶ್ವರಿ ತಾವೇ ವಹಿಸಿಕೊಂಡಿದ್ದರು. ನೀವು ನೋಡಿಕೊಂಡರೆ ಅರ್ಧ ನೋಡುತ್ತೀರಿ ಎಂಬುದು ಅವರ ವಾದ. ಮೇಷ್ಟ್ರು ಮನೆಯ ಮುಂದಿನ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಪೇಪರು ಓದುತ್ತಿದ್ದರು. ಬಸವರಾಜೇಶ್ವರಿ ಕೆಳಗಿನ ಮೆಟ್ಟಿಲ ಮೇಲೆ ಕೂತು, ಪಾದವನ್ನು ಮಡಿಲಲ್ಲಿಟ್ಟುಕೊಂಡು, ಅಕ್ಕಿಯಲ್ಲಿ ಕಲ್ಲು ಆರಿಸುವವರಂತೆ ಬೆರಳ ಸಂದುಗಳನ್ನೆಲ್ಲ ಬಿಡಿಸಿ ನೋಡುತ್ತಿದ್ದರು. ಬೀದಿಯಲ್ಲಿ ಹೋಗುವವರು ಮೊದಲು ನೋಡುತ್ತಿದ್ದರು, ನಂತರ ಅದೂ ಅಭ್ಯಾಸವಾಯಿತು.

ಒಂದು ಸಂಜೆ ಅವರ ಕೈ ಹಿಮ್ಮಡಿಯ ಹತ್ತಿರ ನಿಂತಿತು. ಸೆರಗಿನಲ್ಲಿ ಒರೆಸಿ, ಉಗುರಿನಿಂದ ಹಿಡಿದು ಏನನ್ನೋ ಎಳೆದರು. ಮೇಷ್ಟ್ರು ಪುಟ ತಿರುಗಿಸಿದರು.

"ಏನದು?" ಎಂದು ಸ್ವಲ್ಪ ಹೊತ್ತಿನ ಮೇಲೆ ಕೇಳಿದರು.

"ಜಾಲಿ ಮುಳ್ಳು. ಚಪ್ಪಲಿ ಅಟ್ಟೆ ತೂರಿ ಬಂದಿದೆ. ಆಳಕ್ಕೆ ಹೋಗಿರ್ಲಿಲ್ಲ."

"ಎಲ್ಲಿ, ಕೊಡು."

ಬಸವರಾಜೇಶ್ವರಿ ಮುಳ್ಳನ್ನು ಅವರ ಅಂಗೈ ಮೇಲಿಟ್ಟರು. ಮೇಷ್ಟ್ರು ಅದನ್ನು ಬೆಳಕಿಗೆ ಹಿಡಿದು ನೋಡಿ, ಯಾರ ಕಾಲಿಗೂ ಸಿಗದಂತೆ ಮೋರಿಗೆ ಎಸೆದು, ಪೇಪರನ್ನು ಮತ್ತೆ ಬಿಡಿಸಿಕೊಂಡರು. ಅವರ ಹೆಂಡತಿ ಗಾಯಕ್ಕೆ ಅರಿಶಿನ ತರಲು ಒಳಗೆ ಹೋದರು.